ಉದ್ದಮ್ಮ ತಿರುಗದ ಓಣಿ

ಮಾರ್ಚ್ 2, ಸೋಮವಾರ

ಈ ಪುಸ್ತಕ ಅಕ್ಕ ಕೊಟ್ಟದ್ದು. "ಜನರ ಮುಖಕ್ಕೆ ಹೊಡೆದ ಹಾಗೆ ಹೇಳೋದನ್ನೆಲ್ಲ ಇದರಲ್ಲಿ ಬರ್ಕೋ. ನಾನು ಓಣಿಯಲ್ಲಿ ತಲೆಯೆತ್ಕೊಂಡು ಓಡಾಡ್ಬೇಕು," ಎಂದಳು. ನಿನ್ನೆ ಪಕ್ಕದ ಮನೆಯ, ಬೀಗ ರಿಪೇರಿ ಮಾಡುವ ಬೀಗದಣ್ಣನಿಗೆ ಅವನ ಹೊಸ ಅಂಗಿ ಹೊಟ್ಟೆಗೆ ಸಾಲುವುದಿಲ್ಲ ಎಂದು ಹೇಳಿದ್ದಕ್ಕೆ ಇಷ್ಟೆಲ್ಲ ರಾಮಾಯಣ. ಸಾಲುತ್ತಿರಲಿಲ್ಲ. ಗುಂಡಿ ಹಾರಿಹೋದದ್ದು ನನ್ನ ಮಾತಿನಿಂದಲ್ಲ.

ಮೇಷ್ಟ್ರು ನನಗೆ ಕಡ್ಡಿ ಎಂದು ಹೆಸರಿಟ್ಟಿರುವುದು ನಾನು ತೆಳ್ಳಗಿರುವುದಕ್ಕಲ್ಲ, ಕಡ್ಡಿ ಮುರಿದ ಹಾಗೆ ಮಾತಾಡುವುದಕ್ಕೆ. ಶಾಲೆ ಬಿಟ್ಟದ್ದೂ ಅದರಿಂದಲೇ. ಅಲ್ಲಿನವರು ಮಾಡದ ತಪ್ಪಿಗೆ ಕ್ಷಮೆ ಕೇಳು ಎಂದರು. ಕೇಳಿದರೆ ಸುಳ್ಳು ಹೇಳಿದ ಹಾಗಾಗುತ್ತದೆ ಎಂದು ಚೀಲ ಎತ್ತಿಕೊಂಡು ಬಂದೆ. ಆಮೇಲೆ ಮೂರು ಕಡೆ ಕೆಲಸಕ್ಕೆ ಸೇರಿ ಮೂರೂ ಬಿಟ್ಟೆ. ಕುಂಡಿ ಊರಿ ಕೂತದ್ದು ಮೇಷ್ಟ್ರ ಹತ್ತಿರ ಮಾತ್ರ.

ಅವರು ಹಿಂದೆ ಚಿತ್ರಕಲೆ ಕಲಿಸುತ್ತಿದ್ದರು. ಈಗ ಬಣ್ಣದಂಗಡಿಯ ಮೇಲಿನ ಕೋಣೆಯಲ್ಲಿ ಯುದ್ಧಕಾಲದ ಟ್ಯಾಂಕುಗಳ ಪುಟ್ಟ ಮಾದರಿ ಮಾಡುತ್ತಾರೆ, ನಿಜದ್ದರ ಮೂವತ್ತೈದರಲ್ಲಿ ಒಂದು ಪಾಲು. ಕಣ್ಣಿಗೆ ಪೊರೆ ಬಂದಿದೆ. ಕೈ ಅವರದು, ಕಣ್ಣು ನನ್ನದು.

ಇವತ್ತು ಹೊಸ ಗಿರಾಕಿಯೊಬ್ಬರು ಬಂದರು. ಹಲ್ಲುನೋವಿಗೆ ದವಡೆಯಲ್ಲಿ ಲವಂಗ ಒತ್ತಿಕೊಂಡಿದ್ದರು. ಹೆಸರು ಹೇಳಿದ್ದು ಆ ಲವಂಗದಲ್ಲೇ ಸಿಕ್ಕಿಕೊಂಡಿತು, ನನಗೆ ಕೇಳಿಸಲಿಲ್ಲ. ಭೂಮಾಪನದಲ್ಲಿ ಇದ್ದು ನಿವೃತ್ತರಾದವರಂತೆ. ಯುದ್ಧ ಸ್ಮಾರಕ ಭವನಕ್ಕೆ ಒಂದು ಮಾದರಿ ಬೇಕಂತೆ. ಯುದ್ಧದಲ್ಲಿ ಗಿರಣಿ ಓಣಿಯ ಬಾಯಿಗೆ ಬಂದು ನಿಂತ ಟ್ಯಾಂಕು, ಸುತ್ತಲಿನ ಮನೆಗಳ ಸಮೇತ. ಅಂದರೆ ನಮ್ಮ ಓಣಿ! ನಮ್ಮ ಮನೆಯ ಮೂಲೆ!

ಹಳೆಯ ಫೋಟೋ ಒಂದನ್ನು ಮೇಜಿನ ಮೇಲಿಟ್ಟು, "ಇದು ಶೆರ್ಮನ್ ಎಂ4ಎ1 ಅಲ್ವಾ ಮೇಷ್ಟ್ರೆ?" ಎಂದರು.

ಮೇಷ್ಟ್ರು ಫೋಟೋವನ್ನು ನನ್ನ ಕಡೆ ತಳ್ಳಿದರು. "ಏನು ಕಾಣುತ್ತೆ?"

"ಮೇಲೆಲ್ಲ ಹೊಗೆ. ಗಾಲಿ ಮಾತ್ರ ಸರಿಯಾಗಿ ಕಾಣ್ತಿದೆ."

"ಸಂದು?"

"ಅಗಲ ಇದೆ ಮೇಷ್ಟ್ರೆ."

ಶೆರ್ಮನ್ ಟ್ಯಾಂಕುಗಳೆಲ್ಲ ದೂರದಿಂದ ಒಂದೇ ತಾಯಿಯ ಮಕ್ಕಳ ಹಾಗೆ. ಗಾಲಿ ಎಣಿಸಿ ಪ್ರಯೋಜನವಿಲ್ಲ, ಎಲ್ಲಕ್ಕೂ ಒಂದೊಂದು ಪಕ್ಕಕ್ಕೆ ಆರೇ. ಗಾಲಿಗಳು ಜೋಡಿಯಾಗಿರುತ್ತವೆ; ಜೋಡಿಗೂ ಜೋಡಿಗೂ ನಡುವೆ ಎಷ್ಟು ಸಂದಿದೆ ಎಂದು ನೋಡಬೇಕು. ಎಂ4ಎ4ರಲ್ಲಿ ದೊಡ್ಡ ಇಂಜಿನ್ನು ಹಿಡಿಸುವುದಕ್ಕಾಗಿ ಒಡಲನ್ನು ಒಂದು ಗೇಣಿಗಿಂತ ಚೂರು ಹೆಚ್ಚೇ ಉದ್ದ ಮಾಡಿದ್ದರು, ಅದಕ್ಕೇ ಸಂದು ಅಗಲ. ಮೇಷ್ಟ್ರು ಅದನ್ನು ಉದ್ದಮ್ಮ ಎನ್ನುತ್ತಾರೆ. ಉಳಿದವೆಲ್ಲ ಗಿಡ್ಡಮ್ಮಗಳು.

"ಇದು ಎ1 ಅಲ್ಲ ಸರ್, ಎ4. ನೀವು ಹೇಳಿದ್ದು ತಪ್ಪು," ಎಂದೆ.

ಲವಂಗದವರು ಬೇಜಾರು ಮಾಡಿಕೊಳ್ಳಲಿಲ್ಲ. "ಗೊತ್ತಿರೋರು ಸಿಕ್ಕಿದ್ದು ಒಳ್ಳೇದಾಯ್ತಮ್ಮ," ಎಂದು ನಕ್ಕರು. ತಪ್ಪು ತೋರಿಸಿದರೆ ಖುಷಿಪಡುವ ಮನುಷ್ಯನನ್ನು ನಾನು ನೋಡಿದ್ದು ಇದೇ ಮೊದಲು.

ಮಾರ್ಚ್ 5, ಗುರುವಾರ

ಅಮ್ಮ ಇಸ್ತ್ರಿ ಮಾಡುತ್ತಿದ್ದಾಗ ಆ ದಿನದ ಬಗ್ಗೆ ಕೇಳಿದೆ. ಆಗ ಅವಳು ಚಿಕ್ಕ ಹುಡುಗಿ, ಇದೇ ಮನೆ, ಇದೇ ಕಿಟಕಿ.

"ದೊಡ್ಡ ರಸ್ತೆಯಿಂದ ನಮ್ಮ ಮೂಲೆಗೆ ತಿರುಗೋಕೆ ಬಂತು. ಕಿಟಕಿಯಿಂದ ಕೈ ಚಾಚಿದ್ರೆ ಸಿಗ್ತಿತ್ತು ನೋಡು, ಅಷ್ಟು ಹತ್ರ. ಹಿಂದೆ ಹೋಯ್ತು, ಮುಂದೆ ಬಂತು, ಮತ್ತೆ ಹಿಂದೆ ಹೋಯ್ತು. ಎದುರಿಗೆ ಗಿರಣಿ ಗೋಡೆ, ಈ ಕಡೆ ನಮ್ಮನೆ. ಕೊನೆಗೆ ಬೈಕೊಂಡು ಹೊರಟುಹೋಯ್ತು."

"ಟ್ಯಾಂಕು ಬೈಯುತ್ತಾ ಅಮ್ಮಾ?"

"ಒಳಗಿದ್ದೋನು ಬೈದಿರ್ಬೇಕು. ಅವತ್ತು ಓಣಿ ಒಳಗೆ ಬಚ್ಚಿಟ್ಕೊಂಡಿದ್ದೋರೆಲ್ಲ ಉಳ್ಕೊಂಡ್ರು."

ಓಣಿಯಲ್ಲಿ ಒಂದು ಮಾತೇ ಇದೆ: ಇಲ್ಲಿಗೆ ಟ್ಯಾಂಕು ಬರಲ್ಲ, ನೆಂಟರು ಮಾತ್ರ ಬರ್ತಾರೆ.

ಅದು ಉದ್ದಮ್ಮ, ಗಿಡ್ಡಮ್ಮ ಆಗಿದ್ದರೆ ತಿರುಗುತ್ತಿತ್ತೋ ಏನೋ ಎಂದೆ. ಊಟಕ್ಕೆ ಕೂತಿದ್ದ ಅಕ್ಕ ತಲೆಯೆತ್ತಿ, "ಅದರಿಂದ ಏನಾಗ್ಬೇಕು?" ಎಂದಳು.

"ಏನಿಲ್ಲ. ಮಾದರಿ ಕೆಳಗೆ ಸರಿಯಾದ ಹೆಸರು ಬರುತ್ತೆ," ಎಂದೆ.

ಮಾರ್ಚ್ 11, ಬುಧವಾರ

ಮುಷ್ಕರ ಶುರುವಾಗಿ ಇವತ್ತಿಗೆ ವಾರವಾಯಿತು. ಅಕ್ಕ ಗಿರಣಿಯ ನೂಲಿನ ವಿಭಾಗದವಳು. ಈಗ ಅವರೆಲ್ಲ ಗಿರಣಿಯೊಳಗೇ ಕೂತುಬಿಟ್ಟಿದ್ದಾರೆ. ಮುಂಬಾಗಿಲಿಗೆ ಒಳಗಿನಿಂದ ಹತ್ತಿಯ ಮೂಟೆ ಒಟ್ಟಿದ್ದಾರೆ. ಹಿಂಬಾಗಿಲು ನಮ್ಮ ಓಣಿಯ ಕೊನೆಗೆ. ಓಣಿಯ ಹೆಂಗಸರು ಆ ದಾರಿಯಲ್ಲೇ ಊಟ ಸಾಗಿಸುತ್ತಾರೆ. ಬಣ್ಣದಂಗಡಿಯವನು ಮಧ್ಯಾಹ್ನವೇ ಬಾಗಿಲು ಎಳೆಯುತ್ತಾನೆ. ಯಾಕೆ ಎಂದರೆ ಆಕಾಶ ನೋಡುತ್ತಾನೆ.

ಲವಂಗದವರು ಓಣಿಯ ಅಳತೆ ಬರೆದ ಹಾಳೆ ತಂದಿದ್ದರು. ನೋಡಿದ ಕೂಡಲೇ ಗೊತ್ತಾಯಿತು. ಅದರಲ್ಲಿ ಹೊಸ ದೀಪದ ಕಂಬ ಇದೆ, ನೀರಿನ ನಲ್ಲಿಯೂ ಇದೆ! ಯುದ್ಧದ ಕಾಲದ ಮಾದರಿಯಲ್ಲಿ ಇವೆಲ್ಲ ಹೇಗೆ ಇರುತ್ತವೆ ಎಂದು ಕೇಳಿದೆ.

"ಇರಲಿ ಬಿಡಮ್ಮ. ಈಗಿನ ಜನಕ್ಕೆ ಗುರುತು ಸಿಗ್ಬೇಕಲ್ಲ."

ನನಗೆ ಮೈಯೆಲ್ಲ ಉರಿಯಿತು. ಮೇಷ್ಟ್ರ ಮೊಣಕೈ ತಿವಿದೆ. ಅವರು, "ಗಿರಾಕಿ ಹೇಳಿದ ಹಾಗೆ," ಎಂದುಬಿಟ್ಟರು. ಒಂದು ಮೊಳೆ ಕಡಿಮೆಯಾದರೆ ಮಾದರಿಯನ್ನೇ ಒಡೆದು ಮತ್ತೆ ಮಾಡುವವರು! ಇದು ತಮ್ಮ ಕೊನೆಯ ದೊಡ್ಡ ಕೆಲಸ ಎಂದು ಅವರಿಗೆ ಅನ್ನಿಸಿದೆ. ಬೆಳಿಗ್ಗೆ ಎದ್ದರೆ ಕಿಟಕಿ ಎಲ್ಲಿದೆ ಎಂದಷ್ಟೇ ಕಾಣುತ್ತದಂತೆ.

ಹಾಳೆಯಲ್ಲಿ ಇನ್ನೊಂದು ತಪ್ಪಿತ್ತು. ಮೂಲೆಮನೆಯ ಬುಡಕ್ಕೆ ಗಾಡಿ ತಾಗದಿರಲೆಂದು ಹಿಂದೆ ನೆಟ್ಟಿದ್ದ ಕಲ್ಲನ್ನು ಹಾಗೇ ಬರೆದಿದ್ದರು.

"ಆ ಕಲ್ಲು ಈಗಿಲ್ಲ ಸರ್. ನಲ್ಲಿ ಹಾಕ್ದಾಗ ಕಿತ್ತರು. ಈಗಿನದು ಬೇಕು ಅಂದ್ರೆ ಪೂರ್ತಿ ಈಗಿನದೇ ಇರ್ಲಿ, ಅರೆಬರೆ ಬೇಡ."

"ಹೌದಾ? ಖಚಿತವಾಗಿ?"

"ನಾನು ಅದೇ ಓಣಿಯವಳು."

ಅವರು ಪೆನ್ಸಿಲ್ಲಿನಿಂದ ಕಲ್ಲನ್ನು ಹೊಡೆದು ಹಾಕಿದರು. ಎಷ್ಟು ತೆಳುವಾದ ಗೆರೆ! ಅಷ್ಟು ಚೊಕ್ಕಟವಾಗಿ ಗೆರೆ ಎಳೆಯುವವರು ಕಲ್ಲೊಂದನ್ನು ಹೇಗೆ ತಪ್ಪಾಗಿ ಬರೆದರೋ.

ಮಾರ್ಚ್ 19, ಗುರುವಾರ

ಇವತ್ತು ನನ್ನ ದಿನ.

ಓಣಿಯ ಬಾಯಿ ಮೇಜಿನ ಮೇಲೆ ನಿಂತಿದೆ. ನಮ್ಮ ಮನೆಯನ್ನು ನಾನೇ ರಟ್ಟಿನಲ್ಲಿ ಕಟ್ಟಿದೆ, ಅಮ್ಮನ ಕಿಟಕಿಯ ಮುರಿದ ಒಂದು ಸರಳನ್ನೂ ಬಿಡದೆ. ಎದುರಿಗೆ ಗಿರಣಿಯ ಗೋಡೆ. ಉದ್ದಮ್ಮನ ಉದ್ದ ಅಗಲದ ಅಚ್ಚನ್ನು ತಗಡಿನಲ್ಲಿ ಕತ್ತರಿಸಿ, ಅದು ಎಷ್ಟು ದೊಡ್ಡ ಸುತ್ತಿನಲ್ಲಿ ತಿರುಗುತ್ತದೋ ಅಷ್ಟು ಉದ್ದದ ದಾರ ಕಟ್ಟಿ ತಿರುಗಿಸಿದೆ. ಶೆರ್ಮನ್ನು ನಿಂತಲ್ಲೇ ಬುಗುರಿಯ ಹಾಗೆ ತಿರುಗುವುದಿಲ್ಲ, ಕೆರೆಯ ಏರಿಯ ಮೇಲೆ ಎತ್ತಿನ ಗಾಡಿ ತಿರುಗಿಸಿದ ಹಾಗೆ ಸುತ್ತು ಹಾಕಬೇಕು. ಉದ್ದಮ್ಮನ ಮೂತಿ ಸರಿಯಾಗಿ ಫೋಟೋದಲ್ಲಿ ನಿಂತ ಜಾಗದಲ್ಲೇ ಗೋಡೆಗೆ ತಾಗಿತು! ಅಮ್ಮ ಹೇಳಿದ್ದು ಅಕ್ಷರಶಃ ನಿಜ.

ಆಮೇಲೆ ಯಾರೂ ಕೇಳದಿದ್ದರೂ ಗಿಡ್ಡಮ್ಮನ ಅಚ್ಚನ್ನೂ ಕತ್ತರಿಸಿದೆ. ಮಾದರಿಯಲ್ಲಿ ಎಂಟು ಮಿಲಿಮೀಟರು ಗಿಡ್ಡ, ಅಷ್ಟೆ. ಅದು ಮೂಲೆ ತಿರುಗಿ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಓಣಿಯೊಳಗೆ ಹೋಯಿತು.

ಮೇಷ್ಟ್ರು ಬೆರಳಿನಿಂದ ತಡವಿ ನೋಡಿ, "ಕಡ್ಡಿ, ನೀನು ನನ್ನ ಮೀರಿಸಿದೆ," ಎಂದರು. ಅವರು ಹೊಗಳುವುದು ವರ್ಷಕ್ಕೊಮ್ಮೆ.

ಲವಂಗದವರು ಅಚ್ಚನ್ನು ತಾವೇ ಒಮ್ಮೆ ತಳ್ಳಿ ನೋಡಿದರು. ನಿಧಾನವಾಗಿ. ಆಮೇಲೆ, "ಗಾಲಿ ಸುತ್ತೋ ಪಟ್ಟಿ ಅಗಲ ಇರೋದೂ ಒಂದಿತ್ತಲ್ಲ, ಯುದ್ಧದ ಶುರುವಿನಲ್ಲೇ ಬಂದದ್ದು?" ಎಂದರು.

"ಶುರುವಿನಲ್ಲಲ್ಲ, ಕೊನೆಯಲ್ಲಿ ಬಂದದ್ದು. ನಾವು ಅದಕ್ಕೆ ಅಗಲಪಾದ ಅಂತೀವಿ. ಉದ್ದದಲ್ಲಿ ಗಿಡ್ಡಮ್ಮನೇ, ಆದ್ರೆ ಗಾಲಿ ಪಕ್ಕದಲ್ಲಿ ಇನ್ನೊಂದು ಗಾಲಿ. ಒಂದಡಿಗಿಂತ ಜಾಸ್ತಿ ಅಗಲ. ಅದು ಇಲ್ಲಿಗೆ ಬಂದೇ ಇಲ್ಲ ಸರ್."

"ಬಂದಿದ್ರೆ ಅಂತ. ಸುಮ್ಮನೆ ಕುತೂಹಲ. ಅದರದ್ದೂ ಒಂದು ಅಚ್ಚು ಮಾಡಿಡಮ್ಮ."

ಮಾಡುತ್ತೇನೆ. ನನಗೂ ಕುತೂಹಲ.

ಮಾರ್ಚ್ 24, ಮಂಗಳವಾರ

ಸರಕು ನಿಲ್ದಾಣದಲ್ಲಿ ಟಾರ್ಪಾಲು ಮುಚ್ಚಿದ ಏನೋ ದೊಡ್ಡದು ಬಂದು ನಿಂತಿದೆ ಎಂದು ಊಟ ಒಯ್ಯುವ ಹೆಂಗಸರು ಹೇಳುತ್ತಿದ್ದರು. ನನಗೆ ಕಾಲು ನಿಲ್ಲಲಿಲ್ಲ. ನೆತ್ತಿ ಸುಡುವ ಬಿಸಿಲಿನಲ್ಲಿ ಹಳಿಯ ಪಕ್ಕದ ಚರಂಡಿಯಲ್ಲಿ ನಡೆದು ಹೋದೆ. ಕಾವಲಿನವನು ನೆರಳಿನಲ್ಲಿ ಬೆನ್ನು ಹಾಕಿ ಕೂತಿದ್ದ.

ಟಾರ್ಪಾಲು ಕೆಳಗಿನವರೆಗೆ ಬಂದಿರಲಿಲ್ಲ. ಗಾಲಿ ಕಾಣುತ್ತಿತ್ತು.

ಒಂದರ ಪಕ್ಕ ಒಂದು, ಜೋಡಿ ಗಾಲಿ! ಸ್ಪ್ರಿಂಗು ಅಡ್ಡಡ್ಡ. ಪಟ್ಟಿಯ ಅಗಲ ನನ್ನ ಒಂದೂವರೆ ಮೊಳಕ್ಕೆ ಸ್ವಲ್ಪ ಕಮ್ಮಿ. ಅಗಲಪಾದ! ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ್ದು. ಹಳೆಯದಕ್ಕೆ ಹೊಸ ಬಣ್ಣ ಬಳಿದು ಉಗ್ರಾಣದಿಂದ ಎಳೆದು ತಂದಿದ್ದಾರೆ. ಇನ್ನೂ ಬಣ್ಣದ ವಾಸನೆ ಹೋಗಿಲ್ಲ. ಸಾಲಾಗಿ ನಾಲ್ಕೈದು. ಪಟ್ಟಿಗೆ ರಬ್ಬರಿನ ಹೊಸ ತುಂಡುಗಳನ್ನು ಕೂರಿಸಿದ್ದಾರೆ, ಕಲ್ಲು ಹಾಸಿದ ಬೀದಿಯಲ್ಲಿ ಜಾರದಿರಲೆಂದು. ಎಷ್ಟು ಚೆನ್ನಾಗಿ ಕೆಲಸ ಮಾಡಿದ್ದಾರೆ ಎಂದು ಬಗ್ಗಿ ನೋಡುತ್ತ ನಿಂತಿದ್ದೆ.

ಕಲ್ಲು ಹಾಸಿದ ಬೀದಿ.

ಊರಿನಲ್ಲಿ ಕಲ್ಲು ಹಾಸಿರುವುದು ಗಿರಣಿಯ ಸುತ್ತ ಮಾತ್ರ.

ಮನೆಗೆ ಹೇಗೆ ಬಂದೆನೋ. ಬಟ್ಟೆ ಬದಲಾಯಿಸಿಕೊಳ್ಳಲು ಬಂದಿದ್ದ ಅಕ್ಕ ಬಾಗಿಲಲ್ಲೇ ಸಿಕ್ಕಳು. "ಯಾಕೆ ಹೀಗೆ ನಡುಗ್ತಿದ್ದೀಯಾ?"

ಚಳಿ ಎಂದೆ.

ಮಾರ್ಚ್ 25, ಬುಧವಾರ

ಬೀಗದಣ್ಣನ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದೆ. ಕೆಲಸಕ್ಕೆ ಹೋಗಲಿಲ್ಲ.

"ಏನು ಕಡ್ಡಿ, ಇವತ್ತು ಬೆಂಕಿಪೊಟ್ಟಣದಲ್ಲೇ ಇದ್ದೀಯಾ? ಬಾಯಿಂದ ಒಂದು ಕಿಡಿನೂ ಇಲ್ಲ," ಎಂದ. ಅವನು ಕೀಲಿಯೇ ಇಲ್ಲದ ಬೀಗಕ್ಕೆ ಕೀಲಿ ಮಾಡುತ್ತಿದ್ದ. ಹಲ್ಲಿಲ್ಲದ ತಗಡನ್ನು ಬೀಗಕ್ಕೆ ತೂರಿಸುವುದು, ಅಲ್ಲಾಡಿಸುವುದು, ತೆಗೆದು ನೋಡುವುದು, ಅರದಿಂದ ಉಜ್ಜುವುದು.

"ಅದು ತಪ್ಪು ಕೀಲಿ ಅಲ್ವಾ? ಯಾಕೆ ಹಾಕ್ತೀಯ?"

"ತಪ್ಪು ಅಂತಾನೇ ಹಾಕೋದು. ಎಲ್ಲಿ ತಡೀತೋ ಅಲ್ಲಿ ಒಂದು ಗೀರು ಬೀಳುತ್ತೆ. ಅಲ್ಲಿ ಉಜ್ಜಿದ್ರಾಯ್ತು. ಸರಿಯಾದ ಕೀಲಿ ಹೇಗಿರುತ್ತೆ ಅಂತ ಬೀಗವೇ ಹೇಳ್ಕೊಡುತ್ತೆ. ಪಾಪ, ಅದಕ್ಕೆ ಸುಮ್ಮನಿರೋಕೆ ಬರಲ್ಲ."

ನಾನು ಎದ್ದುಬಿಟ್ಟೆ.

ಇದು ಎ1 ಅಲ್ವಾ? ಅಲ್ಲಿ ಕಲ್ಲಿದೆ ಅಲ್ವಾ? ಯುದ್ಧದ ಶುರುವಿನಲ್ಲಿ ಬಂದದ್ದಲ್ವಾ? ಲವಂಗದವರು ಒಂದು ಸಲವೂ ನೇರವಾಗಿ ಏನನ್ನೂ ಕೇಳಿಲ್ಲ. ತಪ್ಪು ಹೇಳಿದರು, ನಾನು ತಿದ್ದಿದೆ. ಮಾದರಿ ಮಾಡುವವರ ಮುಂದೆ ತಪ್ಪೊಂದನ್ನು ಇಟ್ಟರೆ ಸಾಕು, ಅನ್ನ ನೀರು ಬಿಟ್ಟು ತಿದ್ದುತ್ತೇವೆ. ಅವತ್ತು ಸಿಕ್ಕಿಕೊಂಡದ್ದು ಉದ್ದಮ್ಮ ಎಂದು ನಾನು ಹೇಳದಿದ್ದರೆ, ಗಿಡ್ಡಮ್ಮನಿಗೇ ತಿರುಗಲಾಗದ ಓಣಿಯೆಂದು ಗಿರಣಿಗೆ ಟ್ಯಾಂಕು ನುಗ್ಗಿಸುವ ಯೋಚನೆಯನ್ನೇ ಅವರು ಕೈಬಿಡುತ್ತಿದ್ದರು.

ನಾನು ಹೇಳಿದ್ದೆಲ್ಲ ನಿಜ. ಒಂದಕ್ಷರ ಸುಳ್ಳಿಲ್ಲ.

ಮಾರ್ಚ್ 27, ಶುಕ್ರವಾರ

ಮೇಷ್ಟ್ರಿಗೆ ಎಲ್ಲ ಹೇಳಿದೆ. ಅವರು ಕುಂಚ ತೊಳೆಯುತ್ತಿದ್ದರು, ತೊಳೆದದ್ದನ್ನೇ ಮತ್ತೆ ತೊಳೆದರು.

"ನಾವು ಮಾದರಿ ಮಾಡೋರು, ಕಡ್ಡಿ. ಅದನ್ನಿಟ್ಕೊಂಡು ಯಾರು ಏನು ಮಾಡ್ತಾರೋ ನಮಗ್ಯಾಕೆ?"

"ನಿಮಗೆ ಮೊದಲೇ ಗೊತ್ತಿತ್ತಾ?"

"ನನಗೆ ಕಣ್ಣು ಕಾಣಲ್ಲ."

"ಕಿವಿ ಕೇಳುತ್ತಲ್ಲ."

ಅವರು ಮುಖ ಕಿಟಕಿಯ ಬೆಳಕಿನ ಕಡೆ ತಿರುಗಿಸಿಕೊಂಡರು. ಆಮೇಲೆ, "ಸೋಮವಾರ ಬರ್ತಾರೆ. ಅಗಲಪಾದದ್ದು ಕೇಳ್ತಾರೆ," ಎಂದರು. ಬಾಗಿಲ ಕಡೆ ನಡೆಯುತ್ತ, "ನಾನು ಸೋಮವಾರ ಇರಲ್ಲ. ಕಣ್ಣಿನ ಡಾಕ್ಟರ ಹತ್ರ ಹೋಗ್ಬೇಕು," ಎಂದು ಸೇರಿಸಿದರು.

ಮಾರ್ಚ್ 30, ಸೋಮವಾರ

ಅಗಲಪಾದದ ಅಚ್ಚನ್ನು ಬೆಳಿಗ್ಗೆಯೇ ಕತ್ತರಿಸಿದೆ. ತಿರುಗಿಸಿದೆ. ನಮ್ಮ ಮನೆಯ ಗೋಡೆಗೂ ಅದಕ್ಕೂ ನಡುವೆ ಒಂದು ಕಾಗದ ತೂರಿಸುವಷ್ಟು ಜಾಗ ಉಳಿಯಿತು. ಹೋಯಿತು. ಮೂರು ಸಲ ನೋಡಿದೆ, ಮೂರು ಸಲವೂ ಹೋಯಿತು.

ಆಮೇಲೆ ನಮ್ಮ ಮನೆಯ ಮೂಲೆಗೆ ಎರಡು ಪದರ ರಟ್ಟು ಅಂಟಿಸಿದೆ. ಅದರ ಮೇಲೆ ಗಾರೆ, ಗಾರೆಯ ಮೇಲೆ ಬಣ್ಣ, ಬಣ್ಣದ ಮೇಲೆ ಹಳೆಯ ಕೊಳೆ. ಅಂಚಿನಲ್ಲಿ ಬಿರುಕು ಕೂಡ ಬರೆದೆ. ಕೆಲಸ ಚೆನ್ನಾಗಿ ಬಂದಿದೆ.

ಲವಂಗದವರು ಬಂದಾಗ ಅಚ್ಚನ್ನು ಅವರ ಕೈಗೇ ಕೊಟ್ಟೆ. ತಳ್ಳಿದರು. ಮೂಲೆಗೆ ಸಿಕ್ಕಿಕೊಂಡಿತು. ಹಿಂದೆ ಎಳೆದು ಮತ್ತೆ ತಳ್ಳಿದರು.

"ಹೋಗಲ್ಲ ಸರ್," ಎಂದೆ.

"ಗಿಡ್ಡಮ್ಮ ಹೋಯ್ತಲ್ಲಮ್ಮ?"

"ಅದು ಕಿರಿದು. ಇದು ಅಗಲ."

ಅವರು ತಲೆಯಾಡಿಸಿದರು. ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದರು. ಆಮೇಲೆ ಬೆರಳಿನಿಂದ ನಮ್ಮ ಮನೆಯ ಸೂರನ್ನು ಮುಟ್ಟಿ, ಬಹಳ ಮೃದುವಾಗಿ ಕೇಳಿದರು: "ಈ ಮನೆ ಇಲ್ಲದಿದ್ರೆ?"

ಏನು ಹೇಳಬೇಕಿತ್ತು? ಮನೆ ತೆಗೆದರೆ ಎಷ್ಟು ಜಾಗವಾಗುತ್ತದೆ ಎಂಬುದು ಅವರ ಕಣ್ಣಮುಂದೆಯೇ ಇತ್ತು.

"ಹೋಗುತ್ತೆ," ಎಂದೆ.

ಏಪ್ರಿಲ್ 1, ಬುಧವಾರ

ಗೋಡೆಯ ಮೇಲೆ ಕೆಂಪು ಗುರುತು. ನಮ್ಮ ಮನೆಗೊಂದಕ್ಕೇ. ಬಳಿದವರು ಪುರಸಭೆಯವರಂತೆ, ಶಿಥಿಲವಾದ ಕಟ್ಟಡ, ಮುಂದಿನ ವಾರ ಕೆಡವುತ್ತೇವೆ, ಸಾಮಾನು ತೆಗೆಯಿರಿ ಎಂದು ಹೇಳಿ ಹೋದರು. ಅಮ್ಮ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತೇ ಇದ್ದಳು, ಯಾರದೋ ಅಂಗಿ ಸುಟ್ಟುಹೋಯಿತು.

ಬೀಗದಣ್ಣ, "ಅಯ್ಯೋ, ನಿಮ್ಮನೆ ಗೋಡೆ ಗುದ್ದಿದ್ರೆ ಗುದ್ದಿದೋನ ಕೈ ಮುರಿಯುತ್ತೆ. ಯಾವ ಶಿಥಿಲ!" ಎಂದು ಕೂಗಾಡಿದ.

ಅಕ್ಕನನ್ನು ಒಳಗೆ ಕರೆದು ಎಲ್ಲವನ್ನೂ ಹೇಳಿದೆ. ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಒಂದೇ ಪ್ರಶ್ನೆ ಕೇಳಿದಳು.

"ಮನೆ ಕೆಡವದಿದ್ರೂ ಅದು ಬರುತ್ತಾ?"

"ಬರುತ್ತೆ."

"ಅದು ಅವರಿಗೆ ಗೊತ್ತಾ?"

"ಇಲ್ಲ. ನಾನು ಬರಲ್ಲ ಅಂದಿದ್ದೀನಿ."

"ಹಾಗಾದ್ರೆ ಮನೆ ನಿಂತಿರೋತನಕ ಅವರು ಬರಲ್ಲ." ಅವಳು ಗೋಡೆಗೆ ಒರಗಿ ಕೂತಳು. "ನೀನು ಸುಳ್ಳು ಹೇಳಿ ನಮಗೆ ಒಂದು ವಾರ ತಂದ್ಕೊಟ್ಟಿದ್ದೀಯ, ಕಡ್ಡಿ. ಅಷ್ಟರಲ್ಲಿ ಓಣಿ ಖಾಲಿ ಮಾಡಿಸ್ಬೇಕು."

ಏಪ್ರಿಲ್ 2, ಗುರುವಾರ

ಯಾರೂ ನಂಬಲಿಲ್ಲ. ಇಲ್ಲಿಗೆ ಟ್ಯಾಂಕು ಬರಲ್ಲ, ನೆಂಟರು ಮಾತ್ರ ಬರ್ತಾರೆ ಎಂದು ಮುದುಕರು ಅಕ್ಕನಿಗೇ ಹೇಳಿದರು.

ಅದಕ್ಕೆ ಅಕ್ಕ ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿದಳು. ಅಗಲಪಾದದ ಉದ್ದ, ಅಗಲ ನಾನು ಅಳೆದು ಕೊಟ್ಟೆ. ನಾಲ್ಕು ಮೂಲೆಗೆ ನಾಲ್ಕು ಹೆಂಗಸರು ಹಗ್ಗ ಬಿಗಿಹಿಡಿದು ನಿಂತರು, ಮಕ್ಕಳು ರೈಲಾಟ ಆಡುವ ಹಾಗೆ. ದೂರದಿಂದ ನೋಡಿದವರಿಗೆ ಆಟವೆನ್ನಿಸಲೆಂದು ಮಕ್ಕಳನ್ನೂ ಒಳಗೆ ಬಿಟ್ಟೆವು. ನಾನು ಮುಂದೆ ನಿಂತು, ಎಷ್ಟು ಸುತ್ತು ಹಾಕಬೇಕು, ಎಲ್ಲಿ ತಿರುಗಬೇಕು ಎಂದು ಹೇಳುತ್ತ ನಡೆದೆ.

ದೊಡ್ಡ ರಸ್ತೆಯಿಂದ ಹೊರಟಾಗ ಎಲ್ಲರೂ ನಗುತ್ತಿದ್ದರು. "ಪೀಪೀ ಊದ್ರಪ್ಪಾ!" ಎಂದು ಯಾರೋ ಕೂಗಿದರು. ಮೂಲೆಗೆ ಬಂದಾಗಲೂ ನಗುತ್ತಿದ್ದರು. ನಮ್ಮ ಮನೆಯ ಗೋಡೆಯ ಪಕ್ಕದಲ್ಲಿದ್ದವಳ ಸೀರೆಯ ನೆರಿಗೆ ಗೋಡೆಗೆ ಸವರಿತು, ಹಗ್ಗ ಸವರಲಿಲ್ಲ. ಹಗ್ಗದ ಹಿಂದಿನ ತುದಿಯೂ ಓಣಿಯೊಳಗೆ ಬಂದುಬಿಟ್ಟಿತು.

ಆಮೇಲೆ ಯಾರೂ ನಗಲಿಲ್ಲ. ಮಕ್ಕಳು ಇನ್ನೊಂದ್ಸಲ, ಇನ್ನೊಂದ್ಸಲ ಎಂದು ಕುಣಿಯುತ್ತಿದ್ದರು.

ಸಂಜೆಯೊಳಗೆ ಕೊನೆಯ ಮನೆಯ ಮುದುಕಿ ಪಾತ್ರೆ ಕಟ್ಟಲು ಶುರುಮಾಡಿದ್ದಳು. ಗಿರಣಿಯ ಹಿಂಬಾಗಿಲಿನ ಪಕ್ಕದ ಕಾಲುದಾರಿ ಹಿಡಿದು, ಹೊಲ ದಾಟಿದರೆ ಹಾಳುಬಿದ್ದ ಇಟ್ಟಿಗೆ ಗೂಡುಗಳಿವೆ. ಅಲ್ಲಿಗೆ ದಿನಕ್ಕೆ ಎರಡು ಮೂರು ಮನೆಯವರು. ಗಿರಣಿಯೊಳಗಿನವರೂ ಸ್ವಲ್ಪ ಸ್ವಲ್ಪವೇ.

ಬೀಗದಣ್ಣ ಮಾತ್ರ, "ಹಗ್ಗದ ಟ್ಯಾಂಕು ಹಗ್ಗದ ಹಾಗೇ ಬಳುಕುತ್ತೆ. ಕಬ್ಬಿಣ ಬಳುಕಲ್ಲ, ನನಗೆ ಹೇಳ್ಕೊಡ್ಬೇಡಿ," ಎಂದ.

ಏಪ್ರಿಲ್ 4, ಶನಿವಾರ

ಕೆಲಸಕ್ಕೆ ಹೋಗಿದ್ದೆ. ಹೋಗದಿದ್ದರೆ ಅನುಮಾನ ಬರುತ್ತದೆ. ಲವಂಗದವರು ಓಣಿಯ ಜನ ಹೇಗಿದ್ದಾರೆ ಎಂದು ವಿಚಾರಿಸಿದರು. ಎಂದಿನಂತೆ ಇದ್ದಾರೆ ಎಂದೆ. ಮನೆ ಹೋಗುವುದಕ್ಕೆ ನಿಮಗೆ ಬೇಜಾರಿಲ್ಲವೇ ಎಂದರು. ಅದು ನಮ್ಮ ಮನೆ ಎಂದು ಅವರಿಗೆ ಯಾವಾಗ ಗೊತ್ತಾಯಿತೋ. ಹೊಸ ಮನೆ ಕೊಡ್ತಾರಂತೆ, ಅಮ್ಮನಿಗೆ ಖುಷಿಯಾಗಿದೆ ಎಂದೆ.

ಮೇಷ್ಟ್ರು ನನ್ನ ಕಡೆ ತಿರುಗಿದರು.

ಹಿಂದಿರುಗಿ ಬಂದು, ಖಾಲಿಯಾದ ಮನೆಗಳ ಮುಂದೆ ಹಳೆಯ ಬಟ್ಟೆ ಒದ್ದೆ ಮಾಡಿ ಹರವಿದೆ. ಒಲೆಗೆ ಹಸಿ ಕಟ್ಟಿಗೆ ತುರುಕಿ ಹೊಗೆ ಹಾಕಿದೆ.

ಏಪ್ರಿಲ್ 8, ಬುಧವಾರ

ಕೆಡವುವವರು ಬಂದರು. ಲಾರಿ, ಹಾರೆ, ಪಿಕಾಸಿ, ಇಪ್ಪತ್ತು ಜನ. ಅವರ ಹಿಂದೆ ಲವಂಗದವರು. ಓಣಿಯಲ್ಲಿ ಆಗ ಉಳಿದಿದ್ದವರು ನಾವು ಮೂವರು, ಬೀಗದಣ್ಣ, ಮತ್ತು ಗಿರಣಿಯೊಳಗೆ ಬೆರಳೆಣಿಕೆಯ ಜನ.

ಮೊದಲ ಹಾರೆ ಎತ್ತುವಾಗ ಲವಂಗದವರು ಕೈ ಅಡ್ಡ ಹಿಡಿದರು. ಜೇಬಿನಿಂದ ಅಳತೆಪಟ್ಟಿ ತೆಗೆದು ನಮ್ಮ ಮೂಲೆಗೆ ಹಿಡಿದರು. ಮತ್ತೆ ಅಳೆದರು. ಎದುರಿನ ಗೋಡೆಯ ತನಕ ಅಳೆಯಲು ಪಟ್ಟಿಯ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟು, "ಹಿಡ್ಕೊಮ್ಮ," ಎಂದರು. ಹಿಡಿದೆ. ಬೇರೆ ಏನು ಮಾಡಲಿ?

ಪಟ್ಟಿ ಸುತ್ತುತ್ತ ನನ್ನ ಹತ್ತಿರ ಬಂದರು. ಬಾಯಲ್ಲಿ ಅದೇ ಘಮ.

"ಮಾದರಿಯಲ್ಲಿ ಈ ಗೋಡೆ ದಪ್ಪ ಬಂದಿದೆ."

"ಬಂದಿರ್ಬಹುದು ಸರ್."

"ನೀನು ತಪ್ಪು ಮಾಡೋಳಲ್ಲ."

"ಎಲ್ಲರೂ ಮಾಡ್ತಾರೆ."

ಅವರು ಪಟ್ಟಿಯನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಹಾರೆಯವರ ಕಡೆ ತಿರುಗಿ, "ಬೇಕಾಗಿಲ್ಲ. ವಾಪಸ್ ನಡೀರಿ," ಎಂದರು. ಲಾರಿ ಹಿಂದಕ್ಕೆ ಹೋಯಿತು.

ಬೀಗದಣ್ಣ ಚಪ್ಪಾಳೆ ತಟ್ಟಿದ. "ಉಳೀತು! ಮನೆ ಉಳೀತು ಅಮ್ಮಾ!" ಎಂದು ಅಮ್ಮನ ಎರಡೂ ಕೈ ಹಿಡಿದು ಕುಲುಕಿದ. ಅಮ್ಮನೂ ನಕ್ಕಳು, ಮನೆ ಉಳಿದರೆ ಏನರ್ಥವೆಂದು ಅವಳಿಗೆ ಮರೆತೇಹೋಗಿತ್ತು.

ಅಕ್ಕ, "ಚಪ್ಪಲಿ ಹಾಕ್ಕೊಳ್ಳಿ," ಎಂದಳು.

ಬೀಗದಣ್ಣ ಬರಲಿಲ್ಲ. ಮನೆ ಕೆಡವಲು ಬಂದವರೇ ವಾಪಸ್ಸು ಹೋಗಿದ್ದಾರೆ, ಈಗ ಓಡಿಹೋಗುವ ಹುಚ್ಚರು ಯಾರು ಎಂದ. ಅವನಿಗೆ ಗಂಟಲು ಹರಿಯುವ ಹಾಗೆ ನಿಜ ಹೇಳಿದೆ. "ನೀನೇ ತಾನೆ ಆ ಲವಂಗದೋರಿಗೆ ಅದು ಬರಲ್ಲ ಅಂದೋಳು?" ಎಂದ.

ಏಪ್ರಿಲ್ 9, ಗುರುವಾರ

ಇಟ್ಟಿಗೆ ಗೂಡಿನಲ್ಲಿದ್ದೇವೆ. ಬೀಗದಣ್ಣನೊಬ್ಬನ ಹೊರತು ಓಣಿಯವರೆಲ್ಲ ಇದ್ದಾರೆ. ಗಿರಣಿಯವರಲ್ಲಿ ಕೊನೆಯವರು ಮುಂಜಾನೆ ಬಂದು ಸೇರಿದರು.

ಬೆಳಕು ಹರಿಯುತ್ತಿದ್ದಂತೆ ಅಕ್ಕ ಬೀಗದಣ್ಣನನ್ನು ಕರೆತರುತ್ತೇನೆಂದು ಹೊರಟಳು. "ಎಳ್ಕೊಂಡಾದ್ರೂ ಬರ್ತೀನಿ. ನೀನು ಅಮ್ಮನ ಹತ್ರ ಇರು," ಎಂದಳು. ನಾನೂ ಬರುತ್ತೇನೆಂದರೆ ಬೈದಳು.

ಬಿಸಿಲೇರಿದ ಮೇಲೆ ಸದ್ದು ಶುರುವಾಯಿತು. ಮೊದಲು ಸರಕು ನಿಲ್ದಾಣದ ಕಡೆ. ಆಮೇಲೆ ದೊಡ್ಡ ರಸ್ತೆಯಲ್ಲಿ. ಅಲ್ಲಿ ಎರಡೂ ಕಡೆ ಬಯಲು, ಸದ್ದು ಹರಡಿಕೊಂಡು ಬರುತ್ತದೆ. ಒಂದು ಕಡೆ ನಿಂತಿತು. ಇಂಜಿನ್ನು ಕೂಗಿತು, ಇಳಿಯಿತು, ಮತ್ತೆ ಕೂಗಿತು. ಮತ್ತೆ ಹೊರಟಾಗ ಸದ್ದು ಬದಲಾಗಿತ್ತು. ಗೋಡೆಯಿಂದ ಗೋಡೆಗೆ ಬಡಿದು ಒತ್ತಿಕೊಂಡು ಬರುತ್ತಿತ್ತು. ಬಯಲಿನಲ್ಲಿ ಹಾಗೆ ಕೇಳಿಸುವುದಿಲ್ಲ. ಓಣಿಯೊಳಗೆ ಮಾತ್ರ.

ಗೂಡಿನಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಅಮ್ಮ ನನ್ನ ತೋಳು ಹಿಡಿದಳು.

"ಅದು ಹತ್ರ ಬರ್ತಿದೆಯಾ, ದೂರ ಹೋಗ್ತಿದೆಯಾ? ನಿನಗೆ ಗೊತ್ತಾಗುತ್ತಲ್ಲ, ಹೇಳು."

"ದೂರ ಹೋಗ್ತಿದೆ ಅಮ್ಮ," ಎಂದೆ. "ಅಕ್ಕ ಹೊಲದ ದಾರಿಯಲ್ಲಿ ಬರ್ತಿರ್ತಾಳೆ."

ಅಮ್ಮ ತೋಳು ಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು, ಅಕ್ಕನಿಗೆಂದು ಒಂದು ಲೋಟ ನೀರು ತುಂಬಿ ಮುಚ್ಚಿಟ್ಟಳು.